ಹಿಂದೆ ನಡೆಯುವವನ ಕಿವಿ

ಕಡಲ ಪಕ್ಕದಲ್ಲಿ ಎಲ್ಲರೂ ‘ಏನು?’ ಅನ್ನುತ್ತಾರೆ. ಅಲೆ ಬಂದು ಕಲ್ಲಿಗೆ ಅಪ್ಪಳಿಸುವಾಗ ಆಡಿದ ಮಾತಿನಲ್ಲಿ ಅರ್ಧ ಹೋಗುತ್ತದೆ, ಹಂಚಿನ ಮೇಲೆ ಮಳೆ ಸುರಿಯುವಾಗ ಉಳಿದರ್ಧವೂ ಹೋಗುತ್ತದೆ. ಹಾಗಾಗಿ ಬಂದ ದಿನ ರಾಚಯ್ಯ ಮಾತುಮಾತಿಗೂ ‘ಏನು?’ ಅಂದಾಗ ಸುಧಾಮಣಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವಳೂ ಅನ್ನುತ್ತಿದ್ದಳು, ಮಗಳು ಪ್ರಿಯಾಂಕಳೂ ಅನ್ನುತ್ತಿದ್ದಳು. ಅವರು ಇಳಿದುಕೊಂಡಿದ್ದ ಮನೆಯೊಡತಿಯನ್ನು ಎಲ್ಲರೂ ಮಲಯಾಳದಲ್ಲಿ ಚೇಚಿ, ಅಂದರೆ ಅಕ್ಕ, ಅನ್ನುತ್ತಿದ್ದರು; ಅವಳಂತೂ ಒಂದು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡೇ ಓಡಾಡುತ್ತಿದ್ದಳು.

ಮನೆಯಲ್ಲಾದರೆ ತಪ್ಪು ತನ್ನದೇ ಎಂದು ಸುಧಾಮಣಿ ಒಪ್ಪಿಕೊಂಡುಬಿಟ್ಟಿದ್ದಳು. ಗುಂಡ್ಲುಪೇಟೆಯ ಲೈಬ್ರರಿಯಲ್ಲಿ ಅವಳ ಕೆಲಸ. ಪತ್ರಿಕೆ ಓದಲು ಬರುವ ಮುದುಕರು, ಪರೀಕ್ಷೆಗೆ ಓದಲು ಬರುವ ಹುಡುಗಿಯರು, ಇವರ ನಡುವೆ ದಿನವೆಲ್ಲ ಪಿಸುಮಾತಿನಲ್ಲಿ ಕಳೆದು ಅವಳ ದನಿಯೇ ಸಣ್ಣದಾಗಿತ್ತು. ಸಂಜೆ ಮನೆಯಲ್ಲಿ ಏನಾದರೂ ಹೇಳಿದರೆ ರಾಚಯ್ಯ ತಲೆ ಎತ್ತಿ, “ಇದು ಲೈಬ್ರರಿ ಅಲ್ಲ ಕಣಮ್ಮಿ, ಬಾಯಿ ಬುಟ್ಟು ಮಾತಾಡು” ಅನ್ನುತ್ತಿದ್ದ. ಅವಳು ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳುತ್ತಿದ್ದಳು.

ರಾಚಯ್ಯ ಬಂಡೀಪುರದಲ್ಲಿ ಫಾರೆಸ್ಟ್ ವಾಚರ್. ವಾರಗಟ್ಟಲೆ ಕಾಡಿನೊಳಗಿನ ಕ್ಯಾಂಪಿನಲ್ಲಿದ್ದು, ದಿನಾ ಕಾವಲಿನ ಬೀಟು ನಡೆದು, ಆಮೇಲೆ ಮನೆಗೆ ಬರುವವನು. ಸಮುದ್ರ ನೋಡಬೇಕು ಅಂತ ಅವಳು ಮದುವೆಯಾದಾಗಿನಿಂದ ಕೇಳುತ್ತಿದ್ದಳು. “ನೀರು ನೋಡಕೆ ಅಷ್ಟು ದೂರ ಯಾಕೆ, ಕಬಿನಿ ಇಲ್ವಾ?” ಅಂತ ಅವನೂ ಅಂದಿನಿಂದ ಹೇಳುತ್ತಿದ್ದ. ಈ ಆಷಾಢದಲ್ಲಿ ಮಾತ್ರ ತಾನಾಗಿಯೇ ರಜ ಹಾಕಿ, ಚಾಮರಾಜನಗರದ ಹಾಸ್ಟೆಲಿನಲ್ಲಿದ್ದ ಮಗಳನ್ನು ಕರೆಸಿಕೊಂಡು, ಕೋಳಿಕ್ಕೋಡಿನ ಬಸ್ಸು ಹತ್ತಿಸಿದ. ದಾರಿಯುದ್ದಕ್ಕೂ ಚೆಂಡುಹೂವಿನ ಹೊಲಗಳ ಬದಿಯಲ್ಲಿ ಕೇರಳದ ಕಾರುಗಳು ನಿಂತಿದ್ದವು. ಹೂವಿನ ನಡುವೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. “ಅವ್ರು ನಮ್ಮೂರ್ ನೋಡಕೆ ಬತ್ತಾವ್ರೆ, ನಾವು ಅವ್ರೂರ್ ನೋಡಕೆ ಓಯ್ತಾ ಇದೀವಿ. ಮನೆ ಬದಲಾಯಿಸ್ಕೊಬುಟ್ರೆ ಆಯ್ತಿತ್ತು” ಅಂದ. ಬಸ್ಸಿನಲ್ಲಿದ್ದವರು ನಕ್ಕರು. ಅವನ ಮಾತೇ ಹಾಗೆ. ಎಲ್ಲಿ ಕೂತರೂ ಸುತ್ತಲಿನವರು ನಗುತ್ತಿದ್ದರು.

ಚೇಚಿಯ ಮನೆ ಕೋಳಿಕ್ಕೋಡು ದಾಟಿ ಒಂದು ಸಣ್ಣ ಮೀನುಗಾರರ ಊರಿನಲ್ಲಿತ್ತು. ಅವಳ ಗಂಡ ಬಹಳ ವರ್ಷ ಬೇಗೂರಿನ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆದಿದ್ದ. ಹಾಗಾಗಿ ಅವಳಿಗೆ ಕನ್ನಡ ಬರುತ್ತಿತ್ತು, ಆದರೆ ಅದು ಶುಂಠಿ ಹೊಲದ ಕನ್ನಡ, ಆಳುಗಳಿಗೆ ಹೇಳುವಂಥದ್ದು. ಊಟಕ್ಕೆ ಕೂತವರಿಗೂ “ಬೇಗ ಬೇಗ, ಮಳೆ ಬರುತ್ತೆ” ಅನ್ನುತ್ತಿದ್ದಳು.

ಎರಡನೆಯ ದಿನ ಮಧ್ಯಾಹ್ನ ಮಳೆ ನಿಂತಿತ್ತು. ಕಡಲು ಇಳಿದು ದೂರ ಸರಿದಿತ್ತು. ಬಂದಾಗಿನಿಂದ ಮೊದಲ ಸಲ ಆ ಮನೆಯೊಳಗೆ ಲೋಟ ಇಟ್ಟ ಸದ್ದು, ಒಲೆಯ ಮೇಲೆ ಎಣ್ಣೆ ಸಿಡಿಯುವ ಸದ್ದು ಬೇರೆ ಬೇರೆಯಾಗಿ ಕೇಳುತ್ತಿತ್ತು. ಚೇಚಿ ಬಾಳೆಲೆ ಹಾಸಿ ಬೇಯಿಸಿದ ಮರಗೆಣಸು, ಕೆಂಪಗೆ ಕುದಿದ ಮೀನು ಸಾರು, ತೆಂಗಿನ ಚೂರು ಹಾಕಿ ಹುರಿದ ಸಿಗಡಿ ಬಡಿಸಿದಳು. ಮಳೆಗಾಲದಲ್ಲಿ ದೊಡ್ಡ ದೋಣಿಗಳು ಕಡಲಿಗಿಳಿಯುವುದಿಲ್ಲ. ಸಣ್ಣ ದೋಣಿಯವರು ಬೆಳಿಗ್ಗೆ ತಂದದ್ದಷ್ಟೇ, ಹಾಗಾಗಿ ಮೀನಿಗೆ ಐಸಿನ ವಾಸನೆ ಇರಲಿಲ್ಲ. ಗುಂಡ್ಲುಪೇಟೆಯ ಸಂತೆಯಲ್ಲಿ ಡಬ್ಬದೊಳಗೆ ಕಣ್ಣು ಬಿಳಿಚಿಕೊಂಡು ಮಲಗಿರುತ್ತಿದ್ದ ಮೀನು ಇದೇನಾ ಅಂತ ಸುಧಾಮಣಿಗೆ ಅನ್ನಿಸಿತು. ಮುಳ್ಳು ಬಿಡಿಸಿ ಬಾಯಿಗಿಟ್ಟರೆ ಕರಗುತ್ತಿತ್ತು. ಬಾಯಿ ಸುಡುತ್ತಿದ್ದರೂ ಯಾರೂ ನಿಲ್ಲಿಸಲಿಲ್ಲ.

ಚೇಚಿ ಹುರಿದ ಸಣ್ಣ ಮೀನಿನ ತಟ್ಟೆ ಹಿಡಿದು ರಾಚಯ್ಯನ ಎಡಕ್ಕೆ ಬಂದು ನಿಂತಳು. “ಮತ್ತಿ ಇನ್ನೂ ಎರಡು ಹಾಕಲಾ?”

ಅವನು ಅವಳ ಮುಖ ನೋಡಿದ. “ಮತ್ತಿನಾ? ನಮ್ ಕಡೆ ಬೇಕಾದಷ್ಟವೆ. ಬ್ಯಾಸ್ಗೇಲಿ ತೊಗಟೆಗೆ ಮಚ್ಚಲ್ಲಿ ಒಂದೇಟು ಆಕುದ್ರೆ ಬಿಂದಿಗೆ ತುಂಬ ನೀರು ಬತ್ತದೆ.”

ಚೇಚಿ ಒಂದು ಗಳಿಗೆ ತಟ್ಟೆಯನ್ನೂ ಅವನನ್ನೂ ನೋಡಿದಳು. ಅಲ್ಲಿಯವರಿಗೆ ಮತ್ತಿ ಅಂದರೆ ಮೀನು. ಬಂಡೀಪುರದವರಿಗೆ ಮೊಸಳೆಯ ಬೆನ್ನಿನಂಥ ತೊಗಟೆಯ ಮರ. ಪ್ರಿಯಾಂಕ ಅದನ್ನು ಬಿಡಿಸಿ ಹೇಳಿದ್ದೇ ಚೇಚಿಗೆ ನಗು ತಡೆಯಲಾಗಲಿಲ್ಲ. “ತೊಗಟೆ ಇರೋ ಮೀನು. ನೀರು ಕೊಡೋ ಮೀನು. ಮೋಳೆ, ಮಗಳೇ, ನಿನ್ನ ಅಪ್ಪ ಭಾರಿ ಆಳು” ಅನ್ನುತ್ತ ಕೇಳದೆಯೇ ಎರಡು ಮೀನು ಹಾಕಿ ಒಳಗೆ ಹೋದಳು.

ರಾಚಯ್ಯನೂ ನಕ್ಕ. ಆದರೆ ಎಲ್ಲರೂ ನಗಲು ಶುರುಮಾಡಿದ ಮೇಲೆ ನಕ್ಕ.

ಸುಧಾಮಣಿಯ ಕೈ ಎಲೆಯ ಮೇಲೆ ನಿಂತಿತು. ಚೇಚಿ ಕೇಳಿದ್ದು ಹಾಕಲಾ ಬೇಡವಾ ಅಂತ. ಅದಕ್ಕೆ ಯಾರಾದರೂ ಹೂಂ ಅನ್ನುತ್ತಾರೆ, ಇಲ್ಲವೇ ಕೈ ಅಡ್ಡ ಹಿಡಿಯುತ್ತಾರೆ. ಇವನ ಕಿವಿಗೆ ಬಿದ್ದದ್ದು ಒಂದೇ ಒಂದು ಪದ. ಆ ಪದಕ್ಕೆ ತನಗೆ ಗೊತ್ತಿದ್ದದ್ದನ್ನು ಕಟ್ಟಿ ಕೊಟ್ಟ, ಅದು ತಮಾಷೆಯಾಯಿತು. ಮನೆಯಲ್ಲಿ ಈಚೆಗೆ ಆಡಿದ ತಮಾಷೆಗಳೆಲ್ಲ ಅವಳ ತಲೆಯೊಳಗೆ ಒಂದೊಂದಾಗಿ ಸಾಲು ನಿಂತವು. ಗ್ಯಾಸ್ ಬಂತಾ ಅಂದರೆ ಬಸ್ಸು ಬಂತು ಅಂದದ್ದು. ಅತ್ತೆಗೆ ಜ್ವರ ಅಂದರೆ ಎತ್ತಿಗೆ ಜ್ವರ ಬಂದರೆ ಡಾಕ್ಟರು ಬೇರೆ ಅಂದದ್ದು. ಎಷ್ಟು ನಕ್ಕಿದ್ದರು ಆಗ.

ಅವಳು ಮಗಳನ್ನು ನೋಡಿದಳು. ಮಗಳು ಅಪ್ಪನ ಬಲಕ್ಕೆ ಕೂತಿದ್ದಳು. ಬಸ್ಸಿನಲ್ಲೂ ಬಲಕ್ಕೇ ಕೂತಿದ್ದಳು.

ಚೇಚಿ ಮಜ್ಜಿಗೆ ತಂದಾಗ ಪ್ರಿಯಾಂಕ ಅಪ್ಪನ ಆನೆಯ ಕಥೆ ತೆಗೆದಳು. ಮುಂಗಾರು ಶುರುವಾದಾಗ ನಡೆದದ್ದು. ರಾಚಯ್ಯ ಮತ್ತು ಅವನ ಜೊತೆಗಾರ ಶಂಕರ್ ಇಬ್ಬರೇ ಬೀಟಿಗೆ ಹೋಗಿದ್ದರು. ಶಂಕರ್ ಮುಂದೆ, ರಾಚಯ್ಯ ಹಿಂದೆ. ಲಂಟಾನ ಪೊದೆಗಳ ನಡುವಿನ ಕಾಲುದಾರಿ. ಯಾಕೋ ಶಂಕರ್ ತಿರುಗಿ ನೋಡುತ್ತಾನೆ, ರಾಚಯ್ಯನ ಬೆನ್ನ ಹಿಂದೆಯೇ ಒಂಟಿ ಸಲಗ ಪೊದೆ ಮುರಿದುಕೊಂಡು ದಾರಿಗೆ ಬಂದು ನಿಂತಿದೆ. ಶಂಕರ್ ಅಲ್ಲೇ ನಿಂತುಬಿಟ್ಟ. ಆದರೆ ರಾಚಯ್ಯ ತಿರುಗಿ ಕೂಡ ನೋಡಲಿಲ್ಲ. ನಿಂತಲ್ಲೇ ಹೊಗೆಸೊಪ್ಪು ಅಂಗೈಯಲ್ಲಿ ತಿಕ್ಕಿ, ಕೊಡವಿ, ದವಡೆಗಿಟ್ಟುಕೊಂಡ. ಸಲಗ ಸ್ವಲ್ಪ ಹೊತ್ತು ಅವನ ಬೆನ್ನನ್ನೇ ನೋಡಿ, ಬಂದ ದಾರಿಯಲ್ಲೇ ಹೊರಟುಹೋಯಿತು.

“ಶಂಕರಣ್ಣ ಇಡೀ ರೇಂಜಿಗೆಲ್ಲ ಹೇಳ್ಕೊಂಡು ಬಂದಿದಾರೆ. ‘ಆನೇನೇ ನಾಚ್ಕೊಂಡು ಹೋಯ್ತು’ ಅಂತ” ಅಂದಳು ಪ್ರಿಯಾಂಕ.

ಹೇಳುವಾಗ ಅವಳು ನಗುತ್ತಿದ್ದರೂ ಕಣ್ಣು ಎಲೆಯ ಮೇಲಿತ್ತು. ಈ ಕಥೆಯನ್ನು ಲೈಬ್ರರಿಗೆ ಬಂದವರೂ ಸುಧಾಮಣಿಗೆ ಹೇಳಿದ್ದರು. ನಿಮ್ಮ ಯಜಮಾನರ ಧೈರ್ಯ ಯಾರಿಗಿದೆ ಅಂದಿದ್ದರು. ಅವಳು ಒಳಗೊಳಗೇ ಹೆಮ್ಮೆಪಟ್ಟಿದ್ದಳು. ಈಗ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು. ಕಾಡಿನಲ್ಲಿ ಸಾಲಾಗಿ ನಡೆಯುವಾಗ ಮುಂದಿನವನ ಕೆಲಸ ನೋಡುವುದು, ಹಿಂದಿನವನ ಕೆಲಸ ಕೇಳಿಸಿಕೊಳ್ಳುವುದು. ಅದನ್ನು ಅವಳಿಗೆ ಹೇಳಿದವನು ರಾಚಯ್ಯನೇ. ಕಿವಿ ಚುರುಕಾದ ಹಳಬರನ್ನೇ ಹಿಂದೆ ಹಾಕುತ್ತಾರೆ. ಶಂಕರ್ ಅಂದು ಧೈರ್ಯವಾಗಿ ಮುಂದೆ ನಡೆದದ್ದು ಹಿಂದೆ ರಾಚಯ್ಯನಿದ್ದಾನೆ ಅಂತ.

ಊಟವಾದ ಮೇಲೆ ಅವನು ಕೈಯೊರೆಸಿಕೊಳ್ಳುತ್ತ, “ಮಳೆ ಬರೋದ್ರೊಳ್ಗೆ ಒಂದ್ ಸುತ್ತು ಓಗನ” ಅಂದ. ಪ್ರಿಯಾಂಕ ಚೇಚಿಯ ಹತ್ತಿರ ಸಿಗಡಿ ಬಿಡಿಸುವುದು ಕಲಿಯುತ್ತೇನೆ ಅಂತ ಉಳಿದಳು.

ಮನೆಯ ಹಿಂದೆ ಗಾಳಿಮರದ ತೋಪಿತ್ತು. ನೆಲವೆಲ್ಲ ಸೂಜಿಯಂಥ ಎಲೆ ಉದುರಿ ಮೆತ್ತಗಾಗಿತ್ತು. ಹೆಜ್ಜೆ ಇಟ್ಟರೆ ಸದ್ದಾಗುತ್ತಿರಲಿಲ್ಲ. ಮರಗಳ ಸಾಲು ಅಡ್ಡ ಇದ್ದದ್ದರಿಂದ ಕಡಲ ಮೊರೆತವೂ ದೂರದಲ್ಲಿ ಯಾವುದೋ ಗಿರಣಿ ಓಡುತ್ತಿರುವ ಹಾಗೆ ಅಷ್ಟೇ ಕೇಳುತ್ತಿತ್ತು. ರಾಚಯ್ಯ ಮುಂದೆ ನಡೆದ. ನಡೆಯುವ ರೀತಿ ಬದಲಾಗಿರಲಿಲ್ಲ. ಮೊದಲು ಪಾದದ ಅಂಚು, ಆಮೇಲೆ ಪೂರ್ತಿ ಪಾದ. ಅಲ್ಲಲ್ಲಿ ನಿಂತು ಮೂಗೆತ್ತಿ ಗಾಳಿ ನೋಡುತ್ತಿದ್ದ. ಇಲ್ಲಿ ಗಾಳಿಯಲ್ಲಿ ಒಣಮೀನಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಸುಧಾಮಣಿ ಬೇಕೆಂದೇ ಹಿಂದೆ ಉಳಿದಳು.

ಕಾಡಿನಲ್ಲಿ ಯಾರೂ ಹೆಸರು ಹಿಡಿದು ಕೂಗುವುದಿಲ್ಲ. ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಟ್ಟರೆ ಒಂದು ಸದ್ದು ಬರುತ್ತದೆ. ಎರಡು ಸಲ ಹಾಗೆ ಮಾಡಿದರೆ, ಇದ್ದಲ್ಲೇ ನಿಲ್ಲು ಅಂತ ಅರ್ಥ. ಮದುವೆಯ ಹೊಸದರಲ್ಲಿ ರಾಚಯ್ಯ ಅದನ್ನು ಅವಳಿಗೆ ಕಲಿಸಿದ್ದ. ಬರದೆ ಬರದೆ ಕೊನೆಗೆ ಬಂದಾಗ ಇಬ್ಬರೂ ಮಕ್ಕಳ ಹಾಗೆ ಮನೆಯಲ್ಲೆಲ್ಲ ಅದನ್ನೇ ಮಾಡಿಕೊಂಡು ಓಡಾಡಿದ್ದರು. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಜನರ ನಡುವೆ ಅವಳು ಎಲ್ಲೋ ನಿಂತು ಹಾಗೆ ಮಾಡಿದರೆ ಎಂಥ ಗದ್ದಲದಲ್ಲೂ ಅವನ ಕತ್ತು ತಿರುಗುತ್ತಿತ್ತು. ಕೊನೆಯ ಸಲ ಹಾಗೆ ಕರೆದದ್ದು ಯಾವಾಗ? ನೆನಪಾಗಲಿಲ್ಲ.

ಅವಳು ನಾಲಿಗೆ ಒತ್ತಿ ಎರಡು ಸಲ ಸದ್ದು ಮಾಡಿದಳು.

ಅವನು ನಡೆಯುತ್ತಲೇ ಇದ್ದ.

ಬಾಯಿ ಒಣಗಿತ್ತು, ಸರಿಯಾಗಿ ಬಂದಿಲ್ಲವೇನೋ ಅಂದುಕೊಂಡಳು. ಉಗುಳು ನುಂಗಿ, ಹತ್ತಿರ ಹೋಗಿ, ಇನ್ನೊಂದು ಸಲ. ಈ ಸಲ ಸದ್ದು ಎಷ್ಟು ಚೆನ್ನಾಗಿ ಬಂತೆಂದರೆ ಮೇಲೆ ಕೂತಿದ್ದ ಕಾಗೆ ಹಾರಿತು. ರಾಚಯ್ಯ ಕಾಗೆ ಹಾರಿದ್ದನ್ನು ನೋಡಿ ತಲೆ ಎತ್ತಿದ, ಅದು ಹೋದ ದಿಕ್ಕನ್ನೇ ನೋಡಿದ, ಮತ್ತೆ ಹೆಜ್ಜೆ ಹಾಕಿದ. ಹಿಂದಕ್ಕೆ ತಿರುಗಲಿಲ್ಲ.

ಅವಳು ಒಂದು ಮರಕ್ಕೆ ಕೈಯಾನಿಸಿ ನಿಂತಳು. ಮುಂದೆ ಹೋಗುತ್ತಿದ್ದ ಆ ಬೆನ್ನನ್ನು ಸಲಗವೂ ಹೀಗೇ ನಿಂತು ನೋಡಿರಬೇಕು.

ಮಳೆ ಹನಿಯಲು ಶುರುವಾಗಿ ಇಬ್ಬರೂ ಹಿಂತಿರುಗಿದರು. ಅವನು ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದಾಗ ಸುಧಾಮಣಿ ಅಡುಗೆಮನೆಯ ಹಿಂದಿನ ಜಗಲಿಗೆ ಹೋದಳು. ಪ್ರಿಯಾಂಕ ಒಬ್ಬಳೇ ಕೂತು ಸಿಗಡಿಯ ತಲೆ ಕೀಳುತ್ತಿದ್ದಳು.

“ಅಪ್ಪನ ಬಲಗಡೆ ಯಾಕೆ ಕೂರ್ತೀಯ?”

ಮಗಳು ತಲೆ ಎತ್ತಲಿಲ್ಲ. “ಸುಮ್ನೆ.”

“ಪ್ರಿಯಾ.”

“ಎಡಗಡೆ ಕೂತ್ರೆ ಉತ್ತರ ಬರಲ್ಲಮ್ಮ.” ಕೈಯಲ್ಲಿದ್ದ ಸಿಗಡಿಯನ್ನು ಪಾತ್ರೆಗೆ ಹಾಕಿದಳು. “ಯುಗಾದಿಗೆ ಬಂದಾಗ ಗೊತ್ತಾಯ್ತು. ನಾನೇ ಕೇಳ್ದೆ. ಊರಿಗೆ ಬಂದಿದ್ದ ಆನೆ ಓಡಿಸೋಕೆ ಹೋದಾಗ ಪಟಾಕಿ ಕಿವಿ ಪಕ್ಕಾನೇ ಸಿಡೀತಂತೆ. ಎಡಗಡೆದು ಆವತ್ತೇ ಹೋಯ್ತಂತೆ. ಬಲಗಡೆದೂ ಈಗ ಕಮ್ಮಿ ಆಗ್ತಿದೆ.”

“ನನಗ್ಯಾಕೆ ಹೇಳಲಿಲ್ಲ?”

“ನಿಂಗೆ ಹೇಳಿದ್ರೆ ನಿದ್ದೆ ಮಾಡಲ್ಲ, ಬೇಡ ಅಂದ್ರು. ಆಣೆ ಹಾಕಿಸ್ಕೊಂಡ್ರು.” ಅವಳ ದನಿ ಒಡೆಯಿತು. “ನಿಂಗೆ ಗೊತ್ತಾಗ್ಲಿ ಅಂತಾನೇ ಅಮ್ಮ, ಊಟಕ್ಕೆ ಕೂತಾಗ ಆನೆ ಕಥೆ ಹೇಳಿದ್ದು.”

ಸುಧಾಮಣಿ ಮಗಳ ತಲೆ ಮೇಲೆ ಕೈಯಿಟ್ಟಳು. ಸಿಗಡಿಯ ವಾಸನೆ, ಮಳೆಯ ವಾಸನೆ, ಮಗಳ ಕೂದಲಿನ ಎಣ್ಣೆಯ ವಾಸನೆ. ಅವಳು ಇಷ್ಟು ವರ್ಷ ಬಾಗಿಲ ಚಿಲಕ, ಗ್ಯಾಸಿನ ಗುಂಡಿ, ಮಗಳ ಬಸ್ಸು ಎಲ್ಲವನ್ನೂ ಎರಡೆರಡು ಸಲ ನೋಡುತ್ತ ಬಂದವಳು. ಪಕ್ಕದಲ್ಲೇ ಮಲಗುವವನ ಕಿವಿ ಹೋದದ್ದು ಗೊತ್ತಾಗಿರಲಿಲ್ಲ.

ಸಂಜೆ ಬೆಳಕಿರುವಾಗಲೇ ಅವಳು ಕೊಡೆ ತೆಗೆದುಕೊಂಡು, “ಬನ್ನಿ, ಕಡಲ ಕಡೆ ಹೋಗಿ ಬರೋಣ” ಅಂದಳು. ಅವನ ಮುಖ ನೋಡಿಕೊಂಡು, ತುಟಿ ಕಾಣುವ ಹಾಗೆ ಹೇಳಿದಳು. ಅವನು ಕೂಡಲೇ ಎದ್ದ.

ಅಲೆಗೆ ಅಡ್ಡವಾಗಿ ದೊಡ್ಡ ದೊಡ್ಡ ಬಂಡೆ ಪೇರಿಸಿದ ಗೋಡೆ ಊರಿನ ಉದ್ದಕ್ಕೂ ಇತ್ತು. ಅದರ ಪಕ್ಕದ ಮಣ್ಣಿನ ದಾರಿಯಲ್ಲಿ ಇಬ್ಬರೂ ನಡೆದರು. ನೀರು ಮೇಲೇರಿತ್ತು. ಆಕಾಶ, ಕಡಲು, ಎಳೆದು ಹಾಕಿದ ದೋಣಿಗಳಿಗೆ ಹೊದಿಸಿದ ಟಾರ್ಪಾಲು, ಎಲ್ಲ ಒಂದೇ ಬೂದಿ ಬಣ್ಣ. ಒಂದೊಂದು ಅಲೆಯೂ ಬಂದು ಬಂಡೆಗೆ ಬಡಿದಾಗ ಕಾಲ ಕೆಳಗಿನ ನೆಲ ಅದುರುತ್ತಿತ್ತು. ಇಂಥ ಕಡೆ ಗುಟ್ಟಿನ ಮಾತು ಆಡುವುದು ಹೇಗೆ? ಪಿಸುಗುಟ್ಟಿಯೇ ಬದುಕಿದವಳು ಅವನ ಬಲಕ್ಕೆ ಬಂದು, ಕೊರಳ ನರ ಉಬ್ಬುವ ಹಾಗೆ ಕೂಗಿದಳು.

“ನಿಮಗೆ ಕಿವಿ ಕೇಳಿಸ್ತಿಲ್ಲ.”

ದೋಣಿಯ ಮರೆಯಲ್ಲಿ ಬಲೆ ಹೊಲಿಯುತ್ತಿದ್ದವನೊಬ್ಬ ತಲೆ ಎತ್ತಿ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದ.

ರಾಚಯ್ಯ ನಿಂತ. ನಗಲು ನೋಡಿದ. “ಸಮುದ್ರದ ಪಕ್ಕದಲ್ಲಿ ಯಾರ್ಗ್ ಕೇಳ್ಸದು ಕಣಮ್ಮಿ...”

“ತೋಪಿನಲ್ಲಿ ಕರೆದೆ. ನಾಲಿಗೆ ಸದ್ದು ಮಾಡಿ ಕರೆದೆ. ಎರಡು ಸಲ.”

ಅವನ ಮುಖದಿಂದ ನಗು ಇಳಿಯಿತು. ಒಂದು ಬಂಡೆಯ ಮೇಲೆ ಕೂತ. ಅವಳು ಕೊಡೆಯನ್ನು ಇಬ್ಬರಿಗೂ ಹಿಡಿದಳು. ಒಂದು ಅಲೆ ಬಂತು, ಹೋಯಿತು. ಇನ್ನೊಂದು ಬಂದು ಹೋಯಿತು.

“ಇದೊಂದು ಕೇಳಿಸ್ತದೆ” ಅಂದ, ಕಡಲ ಕಡೆ ಗದ್ದ ಎತ್ತಿ. “ದೊಡ್ಡ ಸದ್ದು ಕೇಳಿಸ್ತದೆ. ಸಣ್ಣವೆಲ್ಲ ಒಂಟೋದೋ. ಒಣ ಎಲೆ ಮೇಲೆ ಕಾಲಿಡೋದು, ಕಡ್ಡಿ ಮುರಿಯೋದು, ಆನೆ ಕಿವಿ ಬಡಿಯೋದು. ನಿನ್ ಮಾತೂ ಸಣ್ಣದೇ.”

“ಅದಕ್ಕೇ ಇಲ್ಲಿಗೆ ಕರ್ಕೊಂಡು ಬಂದ್ರಾ?”

“ಕ್ಯಾಂಪಿಗೆ ಬರೋ ಡ್ರೈವರ್ ಒಬ್ಬ ಏಳಿದ್ದ. ಸಮುದ್ರದ ತಾವು ಪಕ್ದಲ್ ನಿಂತೋರ ಮಾತೇ ಕೇಳಕ್ಕಿಲ್ಲ ಅಂತ. ನಾಕ್ ದಿನ ಎಲ್ರೂ ನನ್ ತರಾನೇ ಇರ್ತಾರಲ್ಲ, ನಾಕ್ ದಿನ ಉಸಿರು ಬುಡನ ಅನ್ಕೊಂಡೆ.”

ಅವಳು ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಸಮುದ್ರ ನೋಡಬೇಕೆಂಬ ತನ್ನ ಆಸೆ ತೀರಿಸಲು ಬಂದಿದ್ದಾನೆ ಅಂದುಕೊಂಡಿದ್ದಳು.

“ಶಂಕರನಿಗೆ ಗೊತ್ತಾ?”

“ಏನು?”

“ಶಂಕರನಿಗೆ.”

ಅವನು ತಲೆ ಅಲ್ಲಾಡಿಸಿದ. “ಆನೆ ವಿಚಾರ ಅವನು ಎಲ್ರಿಗೂ ಸಾರ್ಕಂಡು ಬಂದ. ಏನಂತ ಏಳಲಿ ಅವ್ನಿಗೆ? ಲೋ, ಅದು ಧೈರ್ಯ ಅಲ್ಲ ಕಣ್ಲಾ, ನಂಗ್ ಕೇಳ್ಸಿಲ್ಲ ಅಂತ್ಲಾ? ನೀನು ಸತ್ತಿದ್ರೂ ನಂಗೆ ಗೊತ್ತಾಯ್ತಿರ್ಲಿಲ್ಲ ಅಂತ್ಲಾ?”

“ಹೌದು. ಅದನ್ನೇ.”

“ಏಳುದ್ರೆ ರೋಡಿನ ಚೆಕ್‌ಪೋಸ್ಟ್ ಗೇಟಿಗೆ ಆಕ್ತಾರೆ. ರಾತ್ರಿ ಒಂಬತ್ತಕ್ಕೆ ಚೈನ್ ಕಟ್ಟೋದು, ಬೆಳಿಗ್ಗೆ ಬಿಚ್ಚೋದು. ಲಾರಿಯೋರ್ ಜೊತೆ ಜಗಳ. ಅದು ಕಾಡಲ್ಲ ಕಣಮ್ಮಿ, ಅದು ಬಾಗ್ಲು.” ಕಾಲ ಬಳಿ ಬಿದ್ದಿದ್ದ ಚಿಪ್ಪೊಂದನ್ನು ಹೆಕ್ಕಿ ಅಲೆಗೆ ಎಸೆದ. “ನಾನು ನಡ್ಕೊಂಡು ಬದುಕಿದೋನು. ಕೂತ್ಕೊಂಡು ಏನ್ ಮಾಡ್ಲಿ? ಸೋಮ್ವಾರ ಡ್ಯೂಟಿಗೆ ಓಯ್ತೀನಿ. ಉಸಾರಾಗಿರ್ತೀನಿ, ಬುಡು. ಕಣ್ಣದೆಯಲ್ಲ.”

“ಬೆನ್ನಿಗೆ ಕಣ್ಣಿಲ್ಲ” ಅಂದಳು ಅವಳು. “ಶಂಕರನ ಮಗುಗೆ ಇನ್ನೂ ಹೆಸರಿಟ್ಟಿಲ್ಲ.”

ಇದು ಅವನಿಗೆ ಕೇಳಿಸಿತೋ ಇಲ್ಲವೋ. ಅವನು ಎದ್ದು ಪಂಚೆ ಕೊಡವಿಕೊಂಡು ಮನೆಯ ಕಡೆ ನಡೆದ. ದಾರಿಯಲ್ಲಿ ಒಮ್ಮೆ ಮಾತ್ರ ನಿಂತು, ಅವಳು ಹಿಂದೆ ಬರುತ್ತಿದ್ದಾಳೋ ಇಲ್ಲವೋ ಅಂತ ತಿರುಗಿ ನೋಡಿದ. ತಿರುಗಿ ನೋಡಿಯೇ ತಿಳಿದುಕೊಳ್ಳಬೇಕಾಗಿತ್ತು ಅವನು.

ಮರುದಿನ ಬೆಳಿಗ್ಗೆ ಮಳೆ ಜೋರಾಗಿತ್ತು. ರಾಚಯ್ಯ ಮುಂಜಗಲಿಯ ಬೆಂಚಿನ ಮೇಲೆ ಕಡಲಿಗೆ ಮುಖ ಮಾಡಿ ಕೂತಿದ್ದ. ಸುಧಾಮಣಿ ಅವನ ಎಡಕ್ಕೆ, ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ಕೂತು ಹಾಲಿಲ್ಲದ ಕಟ್ಟನ್ ಚಹಾ ಕುಡಿಯುತ್ತಿದ್ದಳು. ರಾತ್ರಿಯೆಲ್ಲ ಅವನ ಉಸಿರು ಕೇಳುತ್ತ ಮಲಗಿದ್ದಳು. ಒಂದೇ ಒಂದು ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ತನಗೆ ತಾನೇ ಕೇಳಿಕೊಂಡಿದ್ದಳು. ಅವನು ಸೋಮವಾರ ಶಂಕರನ ಹಿಂದೆ ನಡೆಯುತ್ತಾನೆ. ಒಂದು ವಾರ ಏನೂ ಆಗಲಿಕ್ಕಿಲ್ಲ, ಒಂದು ತಿಂಗಳೂ ಆಗಲಿಕ್ಕಿಲ್ಲ. ಆಮೇಲೆ ಒಂದು ದಿನ ಯಾರೋ ಲೈಬ್ರರಿಗೆ ಬಂದು, ಅಕ್ಕಾ ಒಂದು ನಿಮಿಷ ಹೊರಗೆ ಬನ್ನಿ ಅನ್ನುತ್ತಾರೆ. ಅದು ರಾಚಯ್ಯನ ಸುದ್ದಿಯೋ ಶಂಕರನದೋ. ಶಂಕರನದಾದರೆ, ಗೊತ್ತಿದ್ದೂ ಸುಮ್ಮನಿದ್ದವರಲ್ಲಿ ಈಗ ಅವಳೂ ಒಬ್ಬಳು.

ಶಂಕರ್ ರಜದಲ್ಲಿದ್ದ. ಉಮ್ಮತ್ತೂರಿನ ಮಾವನ ಮನೆಯಲ್ಲಿ ಹೆಂಡತಿ ಮಗುವಿನ ಜೊತೆ. ಅಲ್ಲಿ ಫೋನು ಸಿಗುತ್ತದೆ.

ಅವಳು ಫೋನು ಕೈಗೆತ್ತಿಕೊಂಡಳು. ರಾಚಯ್ಯ ಕೈಯಳತೆಯಲ್ಲೇ ಇದ್ದ. ಇಲ್ಲಿಂದಲೇ, ಈ ಮೆಟ್ಟಿಲ ಮೇಲಿಂದಲೇ ಎಲ್ಲವನ್ನೂ ಹೇಳಿ ಮುಗಿಸಬಹುದಿತ್ತು. ಅವನು ಕಡಲು ನೋಡುತ್ತಲೇ ಇರುತ್ತಿದ್ದ. ಒಂದು ಪದವೂ ಅವನನ್ನು ಮುಟ್ಟುತ್ತಿರಲಿಲ್ಲ. ರಜ ಮುಗಿಸಿ ಹೋದ ಮೇಲೆ ಆಫೀಸಿನವರೇ ಕರೆದು ಹೇಳುತ್ತಿದ್ದರು. ಯಾರು ಹೇಳಿದರೆಂದು ಅವನಿಗೆ ತಿಳಿಯುತ್ತಲೂ ಇರಲಿಲ್ಲ. ಎಷ್ಟು ಸುಲಭ ಅನ್ನಿಸಿ ಅವಳಿಗೆ ಹೆದರಿಕೆಯಾಯಿತು. ಇನ್ನು ಮೇಲೆ ತಮ್ಮ ಮನೆಯಲ್ಲಿ ಎಲ್ಲವೂ ಇಷ್ಟೇ ಸುಲಭವಾಗುತ್ತದೆ. ಅವನ ಎಡಕ್ಕೆ ನಿಂತು ಯಾರು ಏನು ಬೇಕಾದರೂ ಆಡಬಹುದು.

ಅವಳು ಲೋಟ ಕೆಳಗಿಟ್ಟು ಎದ್ದಳು. ಅವನ ಮುಂದಿನಿಂದ ಹಾದು, ಬೆಂಚಿನ ಇನ್ನೊಂದು ತುದಿಗೆ ಬಂದು, ಅವನ ಬಲಕ್ಕೆ ಭುಜ ತಾಗುವ ಹಾಗೆ ಕೂತಳು. ಶಂಕರನ ಹೆಸರು ಕಾಣುತ್ತಿದ್ದ ಫೋನನ್ನು ಅವನಿಗೆ ತೋರಿಸಿದಳು.

ಅವನು ಅದನ್ನು ನೋಡಿದ. ಕಿತ್ತುಕೊಳ್ಳಲಿಲ್ಲ. “ಬೇಡ” ಅಂದ.

“ನೀವು ಹೇಳ್ತೀರಾ?”

ಅವನು ಉತ್ತರ ಕೊಡಲಿಲ್ಲ. ಈ ಸಲ ಕೇಳಿಸದೆ ಅಲ್ಲ.

ಅವಳು ಗುಂಡಿ ಒತ್ತಿ, ಇಬ್ಬರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು.

“ಅಕ್ಕೋ” ಶಂಕರನ ದನಿ ಗಟ್ಟಿಯಾಗಿ ಬಂತು, ಹಿಂದೆ ಮಗು ಅಳುತ್ತಿತ್ತು. “ಏನಕ್ಕಾ, ಮೀನು ತಿಂದು ತಿಂದು ನಮ್ಮನ್ನ ಮರ್ತೇಬುಟ್ರಾ? ಅಣ್ಣ ಸಮುದ್ರದಲ್ಲೂ ಬೀಟ್ ಮಾಡ್ತಾವ್ರಾ?”

“ಶಂಕರ, ಒಂದು ವಿಷಯ. ನಿಧಾನವಾಗಿ ಕೇಳು.” ಅವಳು ಜೋರಾಗಿ, ಒಂದೊಂದೇ ಪದವಾಗಿ ಹೇಳಿದಳು. “ನಿಮ್ಮಣ್ಣನಿಗೆ ಎಡಗಿವಿ ಕೇಳಿಸಲ್ಲ. ಬಲಗಿವೀನೂ ಸರಿಯಾಗಿ ಕೇಳಿಸಲ್ಲ. ಆವತ್ತು ಆನೆ ಬಂದಾಗ ಅವರಿಗೆ ಕೇಳಿಸಿರಲಿಲ್ಲ.”

ಮಳೆಯ ಸದ್ದು. ಫೋನಿನೊಳಗೆ ಮಗುವಿನ ಅಳು ದೂರವಾಯಿತು. ಶಂಕರ್ ಎದ್ದು ಹೊರಗೆ ಬಂದಿರಬೇಕು.

“ಅಕ್ಕ, ಅಣ್ಣ ಅಲ್ಲೇ ಅವ್ರಾ?”

“ಇದ್ದಾರೆ. ಅವರ ಬಲಗಡೆಗೇ ಕೂತಿದೀನಿ.”

ಶಂಕರ್ ಅಂದ, “ಆವತ್ತು ನಾನು ಸುಮ್ನೆ ತಿರುಗ್ದೆ ಅಕ್ಕ. ಏನೋ ಕಾಲಿಗೆ ಚುಚ್ತು ಅಂತ ತಿರುಗ್ದೆ.” ಅಷ್ಟೇ ಹೇಳಿ ದನಿ ಏರಿಸಿದ. “ಅಣ್ಣ, ನಾನು ಕ್ಯಾಂಪಲ್ಲಿ ಏನೂ ಏಳಕ್ಕಿಲ್ಲ. ಸೋಮ್ವಾರ ನೀವೇ ಸಾಹೇಬ್ರಿಗೆ ಏಳ್ಬೇಕು. ನಾನೂ ಬತ್ತೀನಿ ಜೊತೆಗೆ.” ಆಮೇಲೆ, “ನಿಮ್ ಮುಂದೆ ನಾನಿನ್ನು ನಡಿಯಕ್ಕಿಲ್ಲಣ್ಣ” ಅಂದ.

ರಾಚಯ್ಯ ಫೋನಿನ ಕಡೆ ಬಾಗಿ ಕೂತಿದ್ದ. ಎಷ್ಟು ಕೇಳಿಸಿತೋ, ಎಷ್ಟನ್ನು ಸುಧಾಮಣಿಯ ಮುಖದಲ್ಲಿ ಓದಿಕೊಂಡನೋ. ತುಟಿ ಅಲುಗಿತು. ಏನೋ ತಮಾಷೆಯ ಮಾತು ಬರುವ ಹಾಗಿತ್ತು, ಬರಲಿಲ್ಲ. “ಆಯ್ತು ಕಣ್ಲಾ” ಅಂದ ಕೊನೆಗೆ. “ಮಗೀನ ನೋಡ್ಕೋ ಓಗು.”

ಫೋನು ಇಟ್ಟ ಮೇಲೆ ಅವನು ಅವಳಿಂದ ಒಂದಿಷ್ಟು ಸರಿದು ಕೂತ. ಸಿಟ್ಟೋ ಸಂಕಟವೋ, ಅವಳು ಕೇಳಲಿಲ್ಲ. ತಾನು ಮಾಡಿದ್ದು ಸರಿ ಅಂತ ಅವಳಿಗೆ ಗೊತ್ತಿತ್ತು. ಅದರಿಂದ ಮನಸ್ಸೇನೂ ಹಗುರವಾಗಲಿಲ್ಲ. ಸಣ್ಣ ದೋಣಿಯೊಂದು ಅಲೆಗಳ ಮೇಲೆ ಎದ್ದು ಬಿದ್ದು ದಡದ ಕಡೆ ಬರುತ್ತಿತ್ತು. ಅದರಲ್ಲಿದ್ದವರು ಏನೋ ಕೂಗುತ್ತಿದ್ದರು. 

ಚೇಚಿ ಸೆರಗಿನಿಂದ ತಲೆ ಮುಚ್ಚಿಕೊಂಡು ಅಡುಗೆಮನೆಯಿಂದ ಓಡಿಬಂದಳು. ರಾಚಯ್ಯನ ಎಡಕ್ಕೆ ನಿಂತು, ದೋಣಿಯ ಕಡೆ ಕೈ ತೋರಿಸಿ ಕೇಳಿದಳು. “ಹೊಸ ಮತ್ತಿ ಬಂತು. ನಿಮಗೆ ಹುರಿಯಲಾ, ಸಾರು ಮಾಡಲಾ?” ಕೇಳುವಾಗಲೇ ಅವಳ ಮುಖದಲ್ಲಿ ನಗು ಸಿದ್ಧವಾಗಿತ್ತು. ನಿನ್ನೆಯಂಥದೇ ಒಂದು ಮಾತಿಗೆ ಕಾಯುತ್ತಿದ್ದಳು. ಬಾಗಿಲಲ್ಲಿ ಬಂದು ನಿಂತ ಪ್ರಿಯಾಂಕ ಅಪ್ಪನನ್ನೇ ನೋಡುತ್ತಿದ್ದಳು.

ರಾಚಯ್ಯ ತಿರುಗಿ ಚೇಚಿಯ ಬಾಯಿಯನ್ನು ನೋಡಿದ. ಆಮೇಲೆ ಒಂದು ಗಳಿಗೆ ಸುಧಾಮಣಿಯ ಕಡೆ ನೋಡಿದ.

“ಏನಂದ್ರಿ?” ಅಂದ ಅವನು. “ನಂಗೆ ಕೇಳಿಸ್ಲಿಲ್ಲ.”